ಕಾರಿನ ಇನ್ಫೋಟೈನ್‌ಮೆಂಟ್ ವ್ಯವಸ್ಥೆ

ಕಾರಿನ ಇನ್ಫೋಟೈನ್‌ಮೆಂಟ್ ವ್ಯವಸ್ಥೆ ಎಂದರೆ ವಾಹನದ ರೇಡಿಯೊ, ಚಾಲಕನ ಮೊಬೈಲ್ ಫೋನ್ ಮತ್ತು ದಾರಿ ತೋರಿಸುವ ನ್ಯಾವಿಗೇಶನ್ ಸಾಧನ ಈ ಮೂರನ್ನೂ ಡ್ಯಾಶ್‌ಬೋರ್ಡಿನಲ್ಲಿ ಒಂದೇ ಪರದೆ, ಒಂದೇ ಸ್ಪೀಕರ್ ಸಮೂಹ ಮತ್ತು ಒಂದೇ ನಿಯಂತ್ರಣ ಕ್ರಮದ ಅಡಿಯಲ್ಲಿ ಒಟ್ಟುಗೂಡಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ. ಮಾಹಿತಿ ಮತ್ತು ಮನರಂಜನೆ ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳ ಜೋಡಣೆಯಿಂದ ಈ ಹೆಸರು ಬಂದಿದೆ. ಡ್ಯಾಶ್‌ಬೋರ್ಡಿನ ನಡುವೆ ಕೂರುವ ಇದರ ಮುಖ್ಯ ಘಟಕವನ್ನು ಹೆಡ್ ಯುನಿಟ್ ಎನ್ನುತ್ತಾರೆ. ಬಳಕೆಯ ಮಾತಿನಲ್ಲಿ ಅದನ್ನು ಕಾರ್ ಸ್ಟೀರಿಯೊ ಎಂದೂ ಕರೆಯುವುದುಂಟು.

ರೇಡಿಯೊ, ಫೋನ್ ಮತ್ತು ನ್ಯಾವಿಗೇಶನ್ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ಯಮಗಳಿಂದ ಕಾರಿನೊಳಗೆ ಬಂದವು. ಅವುಗಳ ಆಯುಷ್ಯವೂ ಒಂದೇ ಅಲ್ಲ. ಕಾರು ಹತ್ತು ಹದಿನೈದು ವರ್ಷ ಓಡುತ್ತದೆ, ಫೋನ್ ಕೆಲವೇ ವರ್ಷಗಳಲ್ಲಿ ಬದಲಾಗುತ್ತದೆ, ನಕ್ಷೆ ತಿಂಗಳು ತಿಂಗಳಿಗೂ ಹಳೆಯದಾಗುತ್ತದೆ. ಹೀಗಾಗಿ ಇವುಗಳ ಏಕೀಕರಣ ಕೇವಲ ತಂತಿಗಳನ್ನು ಜೋಡಿಸುವ ಕೆಲಸವಲ್ಲ. ಯಾವ ಕ್ಷಣದಲ್ಲಿ ಯಾವ ಸಾಧನ ಚಾಲಕನ ಕಣ್ಣು ಕಿವಿಗಳನ್ನು ಪಡೆಯಬೇಕು ಎಂಬುದೇ ಇದರ ವಿನ್ಯಾಸದ ಮುಖ್ಯ ಪ್ರಶ್ನೆ.

## ಇತಿಹಾಸ

### ಕಾರ್ ರೇಡಿಯೊ

ಅಮೆರಿಕದ ಷಿಕಾಗೊ ನಗರದ ಗಾಲ್ವಿನ್ ಮ್ಯಾನುಫ್ಯಾಕ್ಚರಿಂಗ್ ಕಾರ್ಪೊರೇಶನ್ 1930ರಲ್ಲಿ ‘ಮೊಟೊರೋಲ’ ಎಂಬ ಹೆಸರಿನ ಕಾರ್ ರೇಡಿಯೊವನ್ನು ಮಾರುಕಟ್ಟೆಗೆ ತಂದಿತು. ವಾಣಿಜ್ಯಿಕವಾಗಿ ಯಶಸ್ವಿಯಾದ ಮೊದಲ ಕಾರ್ ರೇಡಿಯೊಗಳಲ್ಲಿ ಇದೂ ಒಂದು. ಮುಂದೆ 1947ರಲ್ಲಿ ಆ ಕಂಪನಿಯೇ ಮೊಟೊರೋಲ ಎಂಬ ಹೆಸರನ್ನು ತಳೆಯಿತು. ಯೂರೋಪಿನಲ್ಲಿ ಬ್ಲೌಪುಂಕ್ಟ್ ಸಂಸ್ಥೆಯ ಎಎಸ್ 5 ಮಾದರಿ 1932ರಲ್ಲಿ ಬಂದಿತು. ಅದರ ಬೆಲೆ ಸಣ್ಣ ಕಾರೊಂದರ ಬೆಲೆಯ ಸುಮಾರು ಮೂರನೇ ಒಂದು ಭಾಗದಷ್ಟಿತ್ತು. ರೇಡಿಯೊ ಪೆಟ್ಟಿಗೆ ದೊಡ್ಡದಾಗಿದ್ದುದರಿಂದ ಅದನ್ನು ಬೇರೆಡೆ ಇರಿಸಿ, ಸ್ಟೀರಿಂಗ್ ದಂಡದ ಬಳಿ ಅಳವಡಿಸಿದ ಗುಂಡಿಗಳಿಂದ ನಿಯಂತ್ರಿಸಲಾಗುತ್ತಿತ್ತು.

ಮನೆಯ ರೇಡಿಯೊವನ್ನು ಕಾರಿಗೆ ತರುವುದರಲ್ಲಿ ಎರಡು ಮುಖ್ಯ ತೊಡಕುಗಳಿದ್ದವು. ಅಂದಿನ ನಿರ್ವಾತ ಕೊಳವೆಗಳಿಗೆ ನೂರಕ್ಕೂ ಹೆಚ್ಚು ವೋಲ್ಟ್ ಬೇಕಿತ್ತು, ಕಾರಿನ ಬ್ಯಾಟರಿ ಕೊಡುತ್ತಿದ್ದುದು ಸಾಮಾನ್ಯವಾಗಿ 6 ವೋಲ್ಟ್. ಕಂಪಿಸುವ ಸ್ವಿಚ್ ಹಾಗೂ ಟ್ರಾನ್ಸ್‌ಫಾರ್ಮರ್ ಬಳಸಿ ವೋಲ್ಟೇಜನ್ನು ಏರಿಸುವ ಮೂಲಕ ಈ ಕೊರತೆಯನ್ನು ನೀಗಿಸಲಾಯಿತು. ಎರಡನೆಯದಾಗಿ, ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗುಗಳು ಹೊಮ್ಮಿಸುವ ವಿದ್ಯುತ್ ಗದ್ದಲ ರೇಡಿಯೊದಲ್ಲಿ ಚಟಪಟ ಶಬ್ದವಾಗಿ ಕೇಳುತ್ತಿತ್ತು. ಅದನ್ನು ಅಡಗಿಸಲು ರೆಸಿಸ್ಟರ್, ಕೆಪಾಸಿಟರ್ ಮತ್ತು ಲೋಹದ ಕವಚಗಳನ್ನು ಬಳಸಲಾಯಿತು.

ಕ್ರೈಸ್ಲರ್ ಮತ್ತು ಫಿಲ್ಕೊ ಕಂಪನಿಗಳು 1955ರಲ್ಲಿ ಪೂರ್ಣವಾಗಿ ಟ್ರಾನ್ಸಿಸ್ಟರ್‌ಗಳಿಂದ ಕೂಡಿದ ಕಾರ್ ರೇಡಿಯೊವನ್ನು ಪ್ರಕಟಿಸಿದವು. ಅದರೊಂದಿಗೆ ಹೆಚ್ಚಿನ ವೋಲ್ಟೇಜಿನ ಅಗತ್ಯ ತಪ್ಪಿ, ಪೆಟ್ಟಿಗೆ ಚಿಕ್ಕದಾಯಿತು. 1960ರ ದಶಕದಲ್ಲಿ ಟೇಪ್ ಮತ್ತು ಕ್ಯಾಸೆಟ್, 1984ರಲ್ಲಿ ಪಯೋನಿಯರ್ ಕಂಪನಿಯ ಸಿಡಿ ಪ್ಲೇಯರ್ ಕಾರನ್ನು ಪ್ರವೇಶಿಸಿದವು.

### ಕಾರ್ ಫೋನ್

1946ರ ಜೂನ್ 17ರಂದು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಬೆಲ್ ಸಂಸ್ಥೆಯ ಸಂಚಾರಿ ದೂರವಾಣಿ ಸೇವೆ ಆರಂಭವಾಯಿತು. ಉಪಕರಣದ ತೂಕ ಸುಮಾರು 36 ಕಿಲೋಗ್ರಾಂ ಇದ್ದು, ಅದರ ಬಹುಭಾಗ ಕಾರಿನ ಡಿಕ್ಕಿಯಲ್ಲಿರುತ್ತಿತ್ತು. ಪ್ರತಿ ಕರೆಯನ್ನೂ ಆಪರೇಟರ್ ಜೋಡಿಸಬೇಕಿತ್ತು. ಗುಂಡಿ ಒತ್ತಿ ಮಾತನಾಡಿ, ಬಿಟ್ಟು ಕೇಳಿಸಿಕೊಳ್ಳಬೇಕಿತ್ತು. ಸ್ವೀಡನ್ 1956ರಲ್ಲಿ ಸ್ವಯಂಚಾಲಿತ ಕಾರ್ ಫೋನ್ ಜಾಲವನ್ನು ಆರಂಭಿಸಿತು. 1980ರ ದಶಕದಲ್ಲಿ ಸೆಲ್ಯುಲರ್ ಜಾಲಗಳು ಬಂದ ಮೇಲೆ ಕಾರ್ ಫೋನ್ ವ್ಯಾಪಕವಾಯಿತು. ಮುಂದಿನ ದಶಕದಲ್ಲಿ ಫೋನ್ ಕಿಸೆಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ, ಕಾರಿಗೆ ಬಿಗಿದ ಫೋನ್ ಹಿಂದೆ ಸರಿಯಿತು. ಅಲ್ಲಿಂದಾಚೆಗೆ ಫೋನನ್ನು ಕಾರಿನಲ್ಲಿ ಅಳವಡಿಸುವುದು ಹೇಗೆ ಎಂಬುದಕ್ಕಿಂತ, ಚಾಲಕ ತಂದ ಫೋನನ್ನು ಕಾರು ಗುರುತಿಸುವುದು ಹೇಗೆ ಎಂಬುದು ಮುಖ್ಯವಾಯಿತು.

### ನ್ಯಾವಿಗೇಶನ್

ಉಪಗ್ರಹಗಳ ನೆರವಿಲ್ಲದೆಯೇ ಕಾರಿನ ನ್ಯಾವಿಗೇಶನ್ ಆರಂಭವಾಯಿತು. ಜಪಾನಿನ ಹೋಂಡಾ ಕಂಪನಿ 1981ರಲ್ಲಿ ತಂದ ‘ಎಲೆಕ್ಟ್ರೊ ಗೈರೊಕೇಟರ್’ ಅನಿಲ ಆಧಾರಿತ ಗೈರೊಸ್ಕೋಪಿನಿಂದ ಕಾರಿನ ತಿರುವನ್ನೂ ಚಕ್ರದ ಸುತ್ತುಗಳಿಂದ ದೂರವನ್ನೂ ಅಳೆಯುತ್ತಿತ್ತು. ಚಾಲಕ ಪರದೆಯ ಮೇಲೆ ಪಾರದರ್ಶಕ ನಕ್ಷೆಯ ಹಾಳೆಯನ್ನು ಇರಿಸಿಕೊಳ್ಳಬೇಕಿತ್ತು. 1985ರಲ್ಲಿ ಕ್ಯಾಲಿಫೋರ್ನಿಯದ ಎಟಾಕ್ ಕಂಪನಿ ಕ್ಯಾಸೆಟ್ಟಿನಲ್ಲಿ ದಾಖಲಿಸಿದ ಡಿಜಿಟಲ್ ನಕ್ಷೆ ಬಳಸುವ ಸಾಧನವನ್ನು ಮಾರಿತು. ಕಾರು ಇರುವ ಸ್ಥಾನವನ್ನು ನಕ್ಷೆಯ ರಸ್ತೆಯೊಡನೆ ಹೋಲಿಸಿ ತಿದ್ದಿಕೊಳ್ಳುವ ವಿಧಾನ ಅದರಲ್ಲಿತ್ತು.

ಜಿಪಿಎಸ್ ಆಧಾರಿತ ನ್ಯಾವಿಗೇಶನ್ ಕಾರ್ಖಾನೆಯಲ್ಲೇ ಅಳವಡಿಕೆಯಾಗಿ ಬಂದ ಮೊದಲ ಕಾರು 1990ರ ಯೂನೋಸ್ ಕಾಸ್ಮೊ. ಅದನ್ನು ತಯಾರಿಸಿದ್ದು ಜಪಾನಿನ ಮಾಜ್ದಾ. ಅಮೆರಿಕ ಸರ್ಕಾರ ನಾಗರಿಕ ಬಳಕೆಯ ಜಿಪಿಎಸ್ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿ ಸೇರಿಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಅಲ್ಲಿಯವರೆಗೆ ಸುಮಾರು 100 ಮೀಟರ್‌ವರೆಗೂ ಇರಬಹುದಾಗಿದ್ದ ತಪ್ಪು ಹಲವು ಪಟ್ಟು ಕುಗ್ಗಿ, ಅಗ್ಗದ ನ್ಯಾವಿಗೇಶನ್ ಸಾಧನಗಳಿಗೆ ದಾರಿಯಾಯಿತು.

### ಒಂದೇ ಪರದೆಯತ್ತ

ಜನರಲ್ ಮೋಟಾರ್ಸ್ ಕಂಪನಿಯ 1986ರ ಬ್ಯೂಕ್ ರಿವಿಯೆರಾ ಕಾರಿನಲ್ಲಿ ರೇಡಿಯೊ, ಹವಾನಿಯಂತ್ರಣ ಮತ್ತು ಪ್ರಯಾಣದ ವಿವರಗಳನ್ನು ಒಂದೇ ಟಚ್ ಸ್ಕ್ರೀನಿನಲ್ಲಿ ಕೊಡಲಾಗಿತ್ತು. ಅದು ಹಳೆಯ ಟಿವಿಗಳಲ್ಲಿದ್ದಂತಹ ಚಿತ್ರನಳಿಕೆಯ ಪರದೆ. ಸಣ್ಣ ಬದಲಾವಣೆಗೂ ರಸ್ತೆಯಿಂದ ಕಣ್ಣು ತೆಗೆಯಬೇಕಾಗುತ್ತದೆ ಎಂಬ ಟೀಕೆ ಎದುರಾಗಿ, ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಡಲಾಯಿತು.

2001ರಲ್ಲಿ ಬಿಎಂಡಬ್ಲ್ಯು ತನ್ನ 7 ಸರಣಿಯ ಕಾರಿನಲ್ಲಿ ‘ಐಡ್ರೈವ್’ ಪರಿಚಯಿಸಿತು. ಪರದೆಯನ್ನು ಎತ್ತರದಲ್ಲಿಟ್ಟು, ಆಸನಗಳ ನಡುವಿನ ಒಂದೇ ತಿರುಗುಗುಂಡಿಯಿಂದ ನೂರಾರು ಆಯ್ಕೆಗಳನ್ನು ನಿಭಾಯಿಸುವುದು ಅದರ ಕಲ್ಪನೆ. ಆರಂಭದ ಆವೃತ್ತಿ ಬಹಳ ಜಟಿಲವೆಂಬ ಟೀಕೆಗೆ ಗುರಿಯಾಯಿತು, ಮುಂದಿನ ಆವೃತ್ತಿಗಳಲ್ಲಿ ರೇಡಿಯೊ, ಫೋನ್, ನಕ್ಷೆಗಳಿಗೆ ನೇರ ಗುಂಡಿಗಳನ್ನು ಸೇರಿಸಲಾಯಿತು. ಫೋರ್ಡ್ ಕಂಪನಿ 2007ರಲ್ಲಿ ಮೈಕ್ರೋಸಾಫ್ಟ್ ಸಹಯೋಗದಿಂದ ತಂದ ‘ಸಿಂಕ್’ ಫೋನ್ ಮತ್ತು ಸಂಗೀತವನ್ನು ಧ್ವನಿ ಆದೇಶದಿಂದ ನಡೆಸುವುದನ್ನು ಸಾಮಾನ್ಯ ಬೆಲೆಯ ಕಾರುಗಳಿಗೂ ತಲುಪಿಸಿತು. 2012ರ ಟೆಸ್ಲಾ ಮಾಡೆಲ್ ಎಸ್ ಕಾರಿನ 17 ಅಂಗುಲದ ಟಚ್ ಸ್ಕ್ರೀನ್ ಬಹುತೇಕ ಗುಂಡಿಗಳ ಸ್ಥಾನವನ್ನು ಆಕ್ರಮಿಸಿತು.

## ಭೌತಿಕ ಜೋಡಣೆ

ಹೆಡ್ ಯುನಿಟ್ಟಿನ ಮುಖದ ಅಳತೆಯನ್ನು ಜರ್ಮನಿಯ ‘ಡಿನ್’ ಸಂಸ್ಥೆ ನಿಗದಿಪಡಿಸಿತು. ಅದೇ ಮುಂದೆ ಐಎಸ್‌ಒ 7736 ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು. ಇದರಂತೆ ಸಿಂಗಲ್ ಡಿನ್ ಘಟಕದ ಅಗಲ ಸುಮಾರು 180 ಮಿಲಿಮೀಟರ್, ಎತ್ತರ 50 ಮಿಲಿಮೀಟರ್. ಇದರ ಎರಡರಷ್ಟು ಎತ್ತರದ್ದು ಡಬಲ್ ಡಿನ್. ಈ ಸಮಾನ ಅಳತೆಯಿಂದಾಗಿ ಯಾವುದೇ ಕಂಪನಿಯ ಸ್ಟೀರಿಯೊವನ್ನು ಬೇರೆ ಬೇರೆ ಕಾರುಗಳಿಗೆ ಕೂರಿಸುವುದು ಸಾಧ್ಯವಾಯಿತು.

ತಂತಿಗಳ ಕನೆಕ್ಟರ್‌ಗಳಿಗೆ ಐಎಸ್‌ಒ 10487 ಮಾನದಂಡವಿದೆ. ಅದರ ಒಂದು ಕನೆಕ್ಟರ್ ವಿದ್ಯುತ್ ಪೂರೈಕೆಗೂ ಇನ್ನೊಂದು ಸ್ಪೀಕರ್‌ಗಳಿಗೂ ಮೀಸಲು. ವಿದ್ಯುತ್ ಕನೆಕ್ಟರಿನ 4ನೆಯ ಪಿನ್ ಬ್ಯಾಟರಿಯಿಂದ ಸದಾ ವಿದ್ಯುತ್ ಪಡೆದು ನೆನಪಿನಲ್ಲಿಟ್ಟ ಸ್ಟೇಶನ್‌ಗಳನ್ನು ಉಳಿಸುತ್ತದೆ. 7ನೆಯ ಪಿನ್ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಪಡೆಯುತ್ತದೆ, 8ನೆಯದು ಅರ್ತಿಂಗ್. ಕೆಲವು ತಯಾರಕರು 4 ಮತ್ತು 7ನೆಯ ಪಿನ್‌ಗಳನ್ನು ಅದಲುಬದಲು ಮಾಡಿರುವುದುಂಟು. ಅಂತಹ ಕಾರಿಗೆ ಹೊಸ ಸ್ಟೀರಿಯೊ ಜೋಡಿಸಿದರೆ ಕೀಲಿ ತೆಗೆದಾಗಲೆಲ್ಲ ಅದು ಸ್ಟೇಶನ್‌ಗಳನ್ನು ಮರೆಯುತ್ತದೆ, ಅಥವಾ ಆರದೆ ಉಳಿದು ಬ್ಯಾಟರಿಯನ್ನು ಖಾಲಿಮಾಡುತ್ತದೆ.

ಇದೇ ಕನೆಕ್ಟರಿನಲ್ಲಿ ಏಕೀಕರಣದ ಮೊದಲ ಕುರುಹುಗಳೂ ಇವೆ. ಹಲವು ತಯಾರಕರು 1ನೆಯ ಪಿನ್ನನ್ನು ವೇಗದ ಸಂಕೇತಕ್ಕೂ 2ನೆಯ ಪಿನ್ನನ್ನು ಫೋನ್ ಬಂದಾಗ ರೇಡಿಯೊವನ್ನು ಮೌನಗೊಳಿಸುವುದಕ್ಕೂ ಬಳಸಿದರು. ಕರೆ ಬಂದೊಡನೆ ಫೋನಿನ ಸಾಧನ ಆ ತಂತಿಯನ್ನು ಅರ್ತಿಂಗ್‌ಗೆ ಸೇರಿಸುತ್ತಿತ್ತು, ರೇಡಿಯೊ ಸುಮ್ಮನಾಗುತ್ತಿತ್ತು.

ಇತ್ತೀಚಿನ ಕಾರುಗಳಲ್ಲಿ ಪರದೆ ಡ್ಯಾಶ್‌ಬೋರ್ಡಿನ ಆಕಾರಕ್ಕೆ ತಕ್ಕಂತೆ ರೂಪುಗೊಂಡಿರುವುದರಿಂದ ಡಿನ್ ಅಳತೆಯ ಬಳಕೆ ಕಡಿಮೆಯಾಗುತ್ತಿದೆ. ಇದರಿಂದ ಹೆಡ್ ಯುನಿಟ್ ಕೆಟ್ಟರೆ ಅಥವಾ ಹಳೆಯದಾದರೆ ಬದಲಿಸುವುದು ಕಷ್ಟ ಹಾಗೂ ದುಬಾರಿ.

## ಕಾರ್ಯವಿಧಾನ

### ಧ್ವನಿಯ ಆದ್ಯತೆ

ಸ್ಪೀಕರ್‌ಗಳು ಒಂದೇ ಆಗಿದ್ದು ಧ್ವನಿಯ ಮೂಲಗಳು ಹಲವಾಗಿರುವುದರಿಂದ ಹೆಡ್ ಯುನಿಟ್ಟಿನ ತಂತ್ರಾಂಶ ಆದ್ಯತೆಯ ಕ್ರಮವನ್ನು ಪಾಲಿಸುತ್ತದೆ. ಸುರಕ್ಷತಾ ಎಚ್ಚರಿಕೆಗೆ ಸಾಮಾನ್ಯವಾಗಿ ಮೊದಲ ಸ್ಥಾನ, ಬಳಿಕ ಫೋನ್ ಕರೆ ಮತ್ತು ದಾರಿಯ ಸೂಚನೆ, ಕೊನೆಗೆ ಸಂಗೀತ. ಆದ್ಯತೆಯನ್ನು ಜಾರಿಗೆ ತರುವ ವಿಧಾನಗಳೂ ಬೇರೆ ಬೇರೆ. ಕರೆ ಬಂದರೆ ಹಾಡು ನಿಲ್ಲುತ್ತದೆ. ‘ಮುಂದೆ ಎಡಕ್ಕೆ ತಿರುಗಿ’ ಎಂಬ ಸೂಚನೆ ಬಂದರೆ ಹಾಡಿನ ಸದ್ದು ಮಾತ್ರ ತಗ್ಗಿ ಮತ್ತೆ ಏರುತ್ತದೆ. ಕರೆಯ ನಡುವೆಯೇ ತಿರುವಿನ ಸೂಚನೆ ಬಂದಾಗ ಸಣ್ಣ ಸದ್ದಿನಿಂದಷ್ಟೇ ತಿಳಿಸುವ ವ್ಯವಸ್ಥೆಗಳಿವೆ.

ರೇಡಿಯೊ ಮತ್ತು ಸಂಚಾರ ಮಾಹಿತಿ ಒಂದಾದ ಬಗೆಯೂ ಇಲ್ಲಿ ಉಲ್ಲೇಖನೀಯ. ಜರ್ಮನಿಯಲ್ಲಿ 1974ರಲ್ಲೇ ಸಂಚಾರ ಪ್ರಕಟಣೆ ಬಂದಾಗ ರೇಡಿಯೊ ತಾನಾಗಿ ಅದಕ್ಕೆ ಬದಲಾಗುವ ವ್ಯವಸ್ಥೆ ಜಾರಿಗೆ ಬಂದಿತು. ಆನಂತರ ಎಫ್‌ಎಂ ತರಂಗದೊಡನೆ ಕೇಳಿಸದ ದತ್ತಾಂಶವನ್ನು ಕಳುಹಿಸುವ ಆರ್‌ಡಿಎಸ್ ತಂತ್ರವನ್ನು ಯೂರೋಪಿನ ಪ್ರಸಾರಕರು ರೂಪಿಸಿದರು. ಅದರ ಮೂಲಕ ಬಂದ ರಸ್ತೆ ತಡೆಯ ಮಾಹಿತಿಯನ್ನು ನ್ಯಾವಿಗೇಶನ್ ಓದಿ ಬದಲಿ ದಾರಿ ಸೂಚಿಸತೊಡಗಿತು. ಹಾಡು ಕೇಳಿಸುತ್ತಿದ್ದ ಆಂಟೆನಾವೇ ನಕ್ಷೆಗೂ ಮಾಹಿತಿ ಒದಗಿಸುವಂತಾಯಿತು.

### ಬ್ಲೂಟೂತ್ ಸಂಪರ್ಕ

ಫೋನ್ ಮತ್ತು ಹೆಡ್ ಯುನಿಟ್ಟಿನ ನಡುವಿನ ನಿಸ್ತಂತು ಸಂಪರ್ಕಕ್ಕೆ 2.4 ಗಿಗಾಹರ್ಟ್ಸ್ ಪಟ್ಟಿಯ ಬ್ಲೂಟೂತ್ ಬಳಕೆಯಲ್ಲಿದೆ. ಪ್ರತಿ ಕೆಲಸಕ್ಕೂ ‘ಪ್ರೊಫೈಲ್’ ಎಂಬ ಪ್ರತ್ಯೇಕ ನಿಯಮಾವಳಿ ಇದೆ.

* ಎಚ್‌ಎಫ್‌ಪಿ: ಕರೆ ಸ್ವೀಕರಿಸುವುದು, ಮುಗಿಸುವುದು ಮತ್ತು ಎರಡೂ ಕಡೆಯ ಮಾತನ್ನು ಸಾಗಿಸುವುದು.
* ಎ2ಡಿಪಿ: ಫೋನಿನ ಸಂಗೀತವನ್ನು ಸ್ಟೀರಿಯೊ ಗುಣಮಟ್ಟದಲ್ಲಿ ಕಳುಹಿಸುವುದು.
* ಎವಿಆರ್‌ಸಿಪಿ: ಮುಂದಿನ ಹಾಡು, ಹಿಂದಿನ ಹಾಡು ಮುಂತಾದ ಆದೇಶಗಳು ಮತ್ತು ಹಾಡಿನ ಹೆಸರು.
* ಪಿಬಿಎಪಿ: ಫೋನಿನಲ್ಲಿರುವ ಹೆಸರು, ಸಂಖ್ಯೆಗಳ ಪಟ್ಟಿಯನ್ನು ಕಾರಿಗೆ ತೋರಿಸುವುದು.
* ಎಂಎಪಿ: ಸಂದೇಶಗಳನ್ನು ಓದಿ ಹೇಳುವುದು.

ಎರಡು ಸಾಧನಗಳಲ್ಲೂ ಒಂದೇ ಪ್ರೊಫೈಲ್ ಇದ್ದರೆ ಮಾತ್ರ ಆ ಕೆಲಸ ನಡೆಯುತ್ತದೆ. ಕರೆ ಸರಿಯಾಗಿ ಬಂದರೂ ಹಾಡು ಕೇಳಿಸದಿರಲು, ಹಾಡು ಕೇಳಿಸಿದರೂ ಅದರ ಹೆಸರು ಕಾಣದಿರಲು ಇದೇ ಕಾರಣವಿರಬಹುದು.

ಕಾರಿನೊಳಗಿನ ಕರೆಯಲ್ಲಿ ಇನ್ನೊಂದು ತೊಡಕಿದೆ. ಆಚೆ ಕಡೆಯವರ ಮಾತು ಸ್ಪೀಕರಿನಿಂದ ಹೊರಟು ಕಾರಿನ ಮೈಕ್ರೊಫೋನನ್ನು ಸೇರಿದರೆ, ಅವರಿಗೆ ತಮ್ಮ ಮಾತೇ ಮಾರ್ದನಿಯಾಗಿ ಕೇಳುತ್ತದೆ. ಸ್ಪೀಕರಿಗೆ ಕಳುಹಿಸಿದ ಸಂಕೇತವನ್ನು ಆಧಾರವಾಗಿಟ್ಟು, ಮೈಕ್ರೊಫೋನಿಗೆ ಮರಳಬಹುದಾದ ಅಂಶವನ್ನು ಅಂದಾಜಿಸಿ ಕಳೆಯುವ ಮೂಲಕ ಇದನ್ನು ನಿವಾರಿಸಲಾಗುತ್ತದೆ. ಮೈಕ್ರೊಫೋನನ್ನು ಸಾಮಾನ್ಯವಾಗಿ ಚಾವಣಿಯ ದೀಪದ ಅಥವಾ ಕನ್ನಡಿಯ ಬಳಿ, ಚಾಲಕನ ಬಾಯಿಗೆ ಸಮೀಪದಲ್ಲಿ ಇಡುತ್ತಾರೆ.

### ಸ್ಥಾನ ನಿರ್ಣಯ

ಉಪಗ್ರಹ ಗ್ರಾಹಕ ಕನಿಷ್ಠ 4 ಉಪಗ್ರಹಗಳ ಸಂಕೇತಗಳಿಂದ ತನ್ನ ಸ್ಥಾನ ಮತ್ತು ಸಮಯವನ್ನು ಲೆಕ್ಕಹಾಕುತ್ತದೆ. ಸುರಂಗ, ಎತ್ತರದ ಕಟ್ಟಡಗಳ ನಡುವಣ ರಸ್ತೆ ಮತ್ತು ನೆಲಮಾಳಿಗೆಯ ಪಾರ್ಕಿಂಗ್‌ಗಳಲ್ಲಿ ಸಂಕೇತ ಸಿಗುವುದಿಲ್ಲ ಅಥವಾ ಗೋಡೆಗಳಿಂದ ಪ್ರತಿಫಲಿಸಿ ತಪ್ಪು ದೂರ ತೋರಿಸುತ್ತದೆ. ಕಾರಿನಲ್ಲೇ ಅಳವಡಿಸಿದ ನ್ಯಾವಿಗೇಶನ್ ಇಂತಹ ಕಡೆ ಚಕ್ರದ ವೇಗ, ಗೈರೊಸ್ಕೋಪ್ ಮತ್ತು ರಿವರ್ಸ್ ಗೇರಿನ ಸಂಕೇತಗಳನ್ನು ಬಳಸಿ ಸ್ಥಾನವನ್ನು ಅಂದಾಜಿಸುತ್ತದೆ. ಚಕ್ರದ ನೇರ ಸಂಕೇತ ಕಿಸೆಯ ಫೋನಿಗೆ ದೊರೆಯುವುದಿಲ್ಲ.

ಸ್ಥಾನ ನಿರ್ಣಯಕ್ಕೆ ಮೊಬೈಲ್ ಜಾಲ ಕಡ್ಡಾಯವೆಂಬುದು ವ್ಯಾಪಕವಾದ ತಪ್ಪು ಕಲ್ಪನೆ. ಗ್ರಾಹಕ ಉಪಗ್ರಹದ ಸಂಕೇತವನ್ನು ಕೇವಲ ಆಲಿಸುತ್ತದೆ. ಜಾಲ ಬೇಕಾಗುವುದು ನಕ್ಷೆಯನ್ನು ಇಳಿಸಿಕೊಳ್ಳಲು ಮತ್ತು ಸಂಚಾರ ದಟ್ಟಣೆಯನ್ನು ತಿಳಿಯಲು. ಆದ್ದರಿಂದ ನಕ್ಷೆಯನ್ನು ಮೊದಲೇ ಉಳಿಸಿಕೊಂಡಿದ್ದರೆ, ಮೊಬೈಲ್ ಸಂಕೇತ ಕಡಿದುಹೋಗುವ ಘಟ್ಟದ ರಸ್ತೆಗಳಲ್ಲಿಯೂ ನ್ಯಾವಿಗೇಶನ್ ನಡೆಯುತ್ತದೆ.

### ವಾಹನದ ಒಳಜಾಲ

ಕಾರಿನ ಹಲವು ನಿಯಂತ್ರಣ ಘಟಕಗಳು ಪರಸ್ಪರ ಸಂಪರ್ಕಿಸಲು ಬಾಷ್ ಕಂಪನಿ 1986ರಲ್ಲಿ ಪ್ರಕಟಿಸಿದ ‘ಕ್ಯಾನ್’ ಜಾಲವನ್ನು ಬಳಸುತ್ತವೆ. ಸ್ಟೀರಿಂಗ್ ಮೇಲಿನ ಗುಂಡಿ ಒತ್ತಿದರೆ ಸದ್ದು ಏರುವುದು, ವೇಗ ಹೆಚ್ಚಿದಂತೆ ಸಂಗೀತದ ಮಟ್ಟ ಹೊಂದಿಕೊಳ್ಳುವುದು ಇಂತಹ ಜಾಲದ ಸಂದೇಶಗಳ ಮೂಲಕವೇ. ಕ್ಯಾನ್ ನಿಧಾನಗತಿಯದಾದ್ದರಿಂದ ಧ್ವನಿ ಮತ್ತು ಚಿತ್ರಕ್ಕೆ ಅದು ಸಾಲದು. ಅದಕ್ಕಾಗಿ 2001ರಿಂದ ದ್ಯುತಿತಂತುವಿನ ಉಂಗುರಾಕಾರದ ‘ಮೋಸ್ಟ್’ ಜಾಲ ಬಳಕೆಗೆ ಬಂದಿತು. ಈಚೆಗೆ ಒಂದೇ ಜೋಡಿ ತಂತಿಯಲ್ಲಿ ಸಾಗುವ ವಾಹನ ಈಥರ್ನೆಟ್ ಅದರ ಸ್ಥಾನವನ್ನು ಪಡೆಯುತ್ತಿದೆ.

ಹಿಂಬದಿ ಕ್ಯಾಮೆರಾದ ಚಿತ್ರವೂ ಇದೇ ಪರದೆಯಲ್ಲಿ ಮೂಡುತ್ತದೆ. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆ ಈ ಕ್ಯಾಮೆರಾ ಕಡ್ಡಾಯ. ರಿವರ್ಸ್ ಗೇರ್ ಹಾಕಿದ 2 ಸೆಕೆಂಡಿನೊಳಗೆ ಚಿತ್ರ ಕಾಣಬೇಕು. ಪೂರ್ಣ ಕಾರ್ಯಾಚರಣಾ ವ್ಯವಸ್ಥೆ ಆರಂಭವಾಗಲು ಅದಕ್ಕಿಂತ ಹೆಚ್ಚು ಸಮಯ ಬೇಕಾಗಬಹುದಾದ್ದರಿಂದ, ಹಲವು ವಿನ್ಯಾಸಗಳಲ್ಲಿ ಕ್ಯಾಮೆರಾ ಚಿತ್ರವನ್ನು ಪ್ರತ್ಯೇಕ ಸಣ್ಣ ಪ್ರೊಸೆಸರ್ ಮೊದಲೇ ತೋರಿಸುತ್ತದೆ.

## ಫೋನ್ ಪ್ರಕ್ಷೇಪಣೆ

ಕಾರಿನ ಕಂಪ್ಯೂಟರ್ ಬೇಗ ಹಳೆಯದಾಗುವ ಸಮಸ್ಯೆಗೆ ಕಂಡುಕೊಂಡ ಉತ್ತರವೆಂದರೆ ಫೋನಿನ ಸಾಮರ್ಥ್ಯವನ್ನೇ ಬಳಸುವುದು. ನೋಕಿಯಾ ಆರಂಭಿಸಿದ ಪ್ರಯತ್ನದಿಂದ ಬೆಳೆದ ‘ಮಿರರ್‌ಲಿಂಕ್’ ಈ ದಾರಿಯ ಮೊದಲ ಮಾನದಂಡಗಳಲ್ಲೊಂದು. ಆ್ಯಪಲ್ ಕಂಪನಿಯ ‘ಕಾರ್‌ಪ್ಲೇ’ 2014ರಲ್ಲಿಯೂ ಗೂಗಲ್‌ನ ‘ಆಂಡ್ರಾಯ್ಡ್ ಆಟೊ’ 2015ರಲ್ಲಿಯೂ ಬಳಕೆಗೆ ಬಂದವು.

ಇವುಗಳಲ್ಲಿ ನಕ್ಷೆ, ಸಂಗೀತ ಮತ್ತು ಕರೆಯ ತಂತ್ರಾಂಶ ಓಡುವುದು ಫೋನಿನಲ್ಲಿ. ಫೋನ್ ಪರದೆಯ ಚಿತ್ರವನ್ನು ವಿಡಿಯೊ ರೂಪದಲ್ಲಿ ಕಾರಿಗೆ ಕಳುಹಿಸುತ್ತದೆ. ಚಾಲಕ ಎಲ್ಲಿ ಮುಟ್ಟಿದ ಎಂಬ ಮಾಹಿತಿಯನ್ನು ಕಾರು ಹಿಂದಿರುಗಿಸುತ್ತದೆ. ಸಂಪರ್ಕ ಯುಎಸ್‌ಬಿ ತಂತಿಯ ಮೂಲಕ ಇರಬಹುದು, ಇಲ್ಲವೆ ಬ್ಲೂಟೂತ್‌ನಿಂದ ಪರಿಚಯವಾಗಿ ಬಳಿಕ ವೈ-ಫೈ ಮೂಲಕ ಸಾಗಬಹುದು. ಫೋನ್ ಬದಲಾದರೆ ಕಾರಿನ ನಕ್ಷೆಯೂ ಹೊಸದಾಗುತ್ತದೆ ಎಂಬುದು ಇದರ ದೊಡ್ಡ ಅನುಕೂಲ.

ಹೆಸರಿನಲ್ಲಿ ಹೋಲಿಕೆಯಿದ್ದರೂ ‘ಆಂಡ್ರಾಯ್ಡ್ ಆಟೊಮೋಟಿವ್’ ಬೇರೆ. ಅದು ಕಾರಿನ ಕಂಪ್ಯೂಟರಿನಲ್ಲೇ ಓಡುವ ಕಾರ್ಯಾಚರಣಾ ವ್ಯವಸ್ಥೆ, ಫೋನಿನ ಅಗತ್ಯವಿಲ್ಲ. ಪೋಲ್‌ಸ್ಟಾರ್ 2 ಇದನ್ನು ಮೊದಲು ಬಳಸಿದ ಕಾರು. ಪರದೆಯ ಮೇಲಿನ ಹಿಡಿತ ಫೋನ್ ಕಂಪನಿಗಳ ಪಾಲಾಗುವುದನ್ನು ಕೆಲವು ಕಾರು ತಯಾರಕರು ಒಪ್ಪುವುದಿಲ್ಲ. ತನ್ನ ಮುಂದಿನ ವಿದ್ಯುತ್ ಕಾರುಗಳಲ್ಲಿ ಫೋನ್ ಪ್ರಕ್ಷೇಪಣೆಯನ್ನು ಕೈಬಿಡುವುದಾಗಿ ಜನರಲ್ ಮೋಟಾರ್ಸ್ 2023ರಲ್ಲಿ ಪ್ರಕಟಿಸಿತು.

## ಚಾಲಕನ ಗಮನ ಮತ್ತು ಸುರಕ್ಷತೆ

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಕಾರು 2 ಸೆಕೆಂಡಿನಲ್ಲಿ ಸುಮಾರು 33 ಮೀಟರ್, 100 ಕಿಲೋಮೀಟರ್ ವೇಗದಲ್ಲಿ ಸುಮಾರು 55 ಮೀಟರ್ ಕ್ರಮಿಸುತ್ತದೆ. ಅಷ್ಟು ಹೊತ್ತು ಪರದೆ ನೋಡುವ ಚಾಲಕ ಆ ದೂರವನ್ನು ರಸ್ತೆ ಕಾಣದೆ ದಾಟಿರುತ್ತಾನೆ. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ 2013ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಕಾರಿನ ಸಾಧನದ ಕೆಲಸವೊಂದು ಒಮ್ಮೆಗೆ 2 ಸೆಕೆಂಡಿಗಿಂತ ಹೆಚ್ಚಿನ ನೋಟವನ್ನು ಬೇಡಬಾರದು, ಒಟ್ಟು 12 ಸೆಕೆಂಡನ್ನು ಮೀರಬಾರದು. ಈ ಮಾರ್ಗಸೂಚಿ ಐಚ್ಛಿಕ.

ಕೈಯಲ್ಲಿ ಹಿಡಿಯದೆ ಮಾತನಾಡಿದರೆ ಅಪಾಯವಿಲ್ಲ ಎಂಬ ನಂಬಿಕೆಯನ್ನು ಸಂಶೋಧನೆಗಳು ಬೆಂಬಲಿಸುವುದಿಲ್ಲ. ಕೆನಡಾದ ಡೊನಾಲ್ಡ್ ರೆಡೆಲ್ಮಯರ್ ಮತ್ತು ರಾಬರ್ಟ್ ಟಿಬ್ಷಿರಾನಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೋನಿನಲ್ಲಿ ಮಾತನಾಡುವಾಗ ಅಪಘಾತದ ಸಂಭವ ಸುಮಾರು 4 ಪಟ್ಟು ಹೆಚ್ಚಿರುವುದು ಕಂಡುಬಂದಿತು. ಹ್ಯಾಂಡ್ಸ್‌ಫ್ರೀ ಸಾಧನ ಹೆಚ್ಚು ಸುರಕ್ಷಿತವೆಂಬುದಕ್ಕೆ ಅದರಲ್ಲಿ ಆಧಾರ ಸಿಗಲಿಲ್ಲ. ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರ ಪ್ರಯೋಗಗಳೂ ಕೈ ಬಿಡುವಾಗಿದ್ದರೂ ಮನಸ್ಸು ಬಿಡುವಾಗಿರುವುದಿಲ್ಲ ಎಂಬುದನ್ನು ತೋರಿಸಿವೆ.

ಗುಂಡಿ ಮತ್ತು ಟಚ್ ಸ್ಕ್ರೀನ್‌ಗಳ ಹೋಲಿಕೆಯೂ ನಡೆದಿದೆ. ಸ್ವೀಡನ್ನಿನ ‘ವಿ ಬೀಲೇಗರೆ’ ಪತ್ರಿಕೆ 2022ರಲ್ಲಿ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ, ರೇಡಿಯೊ ಸ್ಟೇಶನ್ ಬದಲಿಸುವುದೂ ಸೇರಿದಂತೆ ಕೆಲವು ಸಾಮಾನ್ಯ ಕೆಲಸಗಳಿಗೆ ಹಿಡಿಯುವ ಸಮಯವನ್ನು ಅಳೆಯಿತು. ಗುಂಡಿಗಳಿದ್ದ 2005ರ ಹಳೆಯ ಕಾರಿನಲ್ಲಿ ಅವು 10 ಸೆಕೆಂಡಿನಲ್ಲಿ ಮುಗಿದವು. ಟಚ್ ಸ್ಕ್ರೀನ್ ಇದ್ದ ಹೊಸ ಕಾರೊಂದರಲ್ಲಿ 44 ಸೆಕೆಂಡಿಗೂ ಹೆಚ್ಚು ಬೇಕಾಯಿತು. ಬೆರಳು ಗುಂಡಿಯನ್ನು ಸ್ಪರ್ಶದಿಂದಲೇ ಗುರುತಿಸಬಲ್ಲದು, ನುಣುಪಾದ ಗಾಜಿನ ಮೇಲಿನ ಚಿತ್ರವನ್ನು ಕಣ್ಣೇ ಹುಡುಕಬೇಕು. ಯೂರೋಪಿನ ಕಾರು ಸುರಕ್ಷತಾ ಮೌಲ್ಯಮಾಪನ ಸಂಸ್ಥೆ ಯೂರೊ ಎನ್‌ಕ್ಯಾಪ್, 2026ರ ನಿಯಮಗಳಲ್ಲಿ ಇಂಡಿಕೇಟರ್, ಹಾರ್ನ್, ವೈಪರ್ ಮುಂತಾದ ಮೂಲಭೂತ ಕೆಲಸಗಳಿಗೆ ಭೌತಿಕ ನಿಯಂತ್ರಣ ಇರುವುದನ್ನು ಪ್ರೋತ್ಸಾಹಿಸುವ ನಿಲುವು ತಳೆದಿದೆ.

## ಭದ್ರತೆ ಮತ್ತು ಖಾಸಗಿತನ

ಹೆಡ್ ಯುನಿಟ್ ಒಂದು ಕಡೆ ಹೊರಗಿನ ಜಾಲಕ್ಕೂ ಇನ್ನೊಂದು ಕಡೆ ಕಾರಿನ ಒಳಜಾಲಕ್ಕೂ ತೆರೆದಿರುತ್ತದೆ. 2015ರಲ್ಲಿ ಸಂಶೋಧಕರಾದ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ಅವರು ಜೀಪ್ ಚೆರೋಕಿ ಕಾರಿನ ಇನ್ಫೋಟೈನ್‌ಮೆಂಟ್ ಘಟಕವನ್ನು ಮೊಬೈಲ್ ಜಾಲದ ಮೂಲಕ ದೂರದಿಂದಲೇ ಪ್ರವೇಶಿಸಿ, ಅಲ್ಲಿಂದ ಕ್ಯಾನ್ ಜಾಲಕ್ಕೆ ಸಂದೇಶ ಕಳುಹಿಸಿ, ಓಡುತ್ತಿದ್ದ ಕಾರಿನ ಚಾಲನೆಗೆ ಅಡ್ಡಿಪಡಿಸಬಹುದೆಂದು ತೋರಿಸಿದರು. ಇದರ ಬೆನ್ನಲ್ಲೇ ತಯಾರಕರು ಅಮೆರಿಕದಲ್ಲಿ ಸುಮಾರು 14 ಲಕ್ಷ ವಾಹನಗಳನ್ನು ತಂತ್ರಾಂಶ ತಿದ್ದುಪಡಿಗಾಗಿ ಹಿಂದಕ್ಕೆ ಕರೆದರು. ಅಲ್ಲಿಂದೀಚೆಗೆ ಮನರಂಜನೆಯ ಜಾಲ ಮತ್ತು ಚಾಲನೆಯ ಜಾಲಗಳ ನಡುವೆ ಸಂದೇಶಗಳನ್ನು ಸೋಸುವ ಗೇಟ್‌ವೇ ಘಟಕಕ್ಕೆ ಹೆಚ್ಚಿನ ಮಹತ್ವ ಬಂದಿದೆ.

ಬ್ಲೂಟೂತ್ ಮೂಲಕ ಜೋಡಿಸಿದ ಫೋನಿನ ಹೆಸರು, ಸಂಖ್ಯೆ ಮತ್ತು ಕರೆಗಳ ವಿವರಗಳು ಹೆಡ್ ಯುನಿಟ್ಟಿನಲ್ಲಿ ಉಳಿಯಬಹುದು. ನ್ಯಾವಿಗೇಶನ್‌ನಲ್ಲಿ ಮನೆ ಮತ್ತು ಕಚೇರಿಯ ಸ್ಥಳಗಳೂ ದಾಖಲಾಗಿರುತ್ತವೆ. ಆದ್ದರಿಂದ ಕಾರನ್ನು ಮಾರುವ ಅಥವಾ ಬಾಡಿಗೆ ಕಾರನ್ನು ಹಿಂದಿರುಗಿಸುವ ಮುನ್ನ ಜೋಡಣೆಯನ್ನು ಅಳಿಸಿ, ಘಟಕವನ್ನು ಮೂಲಸ್ಥಿತಿಗೆ ತರುವುದು ಸೂಕ್ತ. ಮೊಜಿಲ್ಲಾ ಪ್ರತಿಷ್ಠಾನ 2023ರಲ್ಲಿ ಪರಿಶೀಲಿಸಿದ 25 ಕಾರು ಬ್ರ್ಯಾಂಡ್‌ಗಳಲ್ಲಿ ಯಾವುದೂ ಅದರ ಖಾಸಗಿತನದ ಮಾನದಂಡವನ್ನು ತಲುಪಲಿಲ್ಲ.

## ಆಯುಷ್ಯದ ಅಂತರ

ಕಾರಿನೊಡನೆ ಕೂಡಿಕೊಂಡ ಎಲೆಕ್ಟ್ರಾನಿಕ್ ಭಾಗಗಳು ಕಾರಿಗಿಂತ ಮೊದಲೇ ನಿರುಪಯುಕ್ತವಾಗುವ ಉದಾಹರಣೆಗಳು ಹಲವು. ಅಮೆರಿಕದಲ್ಲಿ 2008ರಲ್ಲಿ ಅನಲಾಗ್ ಮೊಬೈಲ್ ಜಾಲ, 2022ರಲ್ಲಿ 3ಜಿ ಜಾಲ ಸ್ಥಗಿತಗೊಂಡಾಗ ಅವನ್ನೇ ಅವಲಂಬಿಸಿದ್ದ ಕಾರುಗಳಲ್ಲಿ ತುರ್ತು ಕರೆಯಂತಹ ಸೇವೆಗಳು ನಿಂತುಹೋದವು. ಜಿಪಿಎಸ್ ಸಂಕೇತದಲ್ಲಿ ವಾರಗಳ ಎಣಿಕೆ 1,024ಕ್ಕೆ ತಲುಪಿದಾಗ, ಅಂದರೆ ಸುಮಾರು 19.6 ವರ್ಷಗಳಿಗೊಮ್ಮೆ, ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ. ಇದನ್ನು ಸರಿಯಾಗಿ ನಿಭಾಯಿಸದ ಹಳೆಯ ಘಟಕಗಳಲ್ಲಿ ದಿನಾಂಕ ಸುಮಾರು 20 ವರ್ಷ ಹಿಂದಕ್ಕೆ ಜಾರುತ್ತದೆ.

ಪದೇ ಪದೇ ಬರೆಯುವುದರಿಂದ ಫ್ಲ್ಯಾಶ್ ಮೆಮೊರಿ ಸವೆಯುತ್ತದೆ. ಈ ಕಾರಣದಿಂದ ಪರದೆ ಕೆಟ್ಟು, ಹಿಂಬದಿ ಕ್ಯಾಮೆರಾ ಹಾಗೂ ಗಾಜಿನ ಮಂಜು ನಿವಾರಣೆಯ ನಿಯಂತ್ರಣಗಳು ದೊರೆಯದೆ ಹೋಗಬಹುದೆಂದು ಟೆಸ್ಲಾ 2021ರಲ್ಲಿ ಅಮೆರಿಕದಲ್ಲಿ ಸುಮಾರು 1.35 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಯಿತು. ಎಲ್ಲ ನಿಯಂತ್ರಣಗಳೂ ಒಂದೇ ಪರದೆಯಲ್ಲಿ ಸೇರಿದಾಗ ಅದರ ವೈಫಲ್ಯ ಮನರಂಜನೆಯ ವೈಫಲ್ಯವಾಗಿಯಷ್ಟೇ ಉಳಿಯುವುದಿಲ್ಲ.

## ಭಾರತದಲ್ಲಿ

ಭಾರತದಲ್ಲಿ ಮೊಬೈಲ್ ಸೇವೆ 1995ರ ಜುಲೈ 31ರಂದು ಆರಂಭವಾಯಿತು. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ಪ್ರಸಾರ ಆರಂಭಿಸಿದ ಬಳಿಕ ನಗರಗಳಲ್ಲಿ ಕಾರಿನ ಎಫ್‌ಎಂ ಆಲಿಕೆ ಹೆಚ್ಚಿತು. ಆಕಾಶವಾಣಿ ತನ್ನ ಡಿಜಿಟಲ್ ಪ್ರಸಾರಕ್ಕೆ ಡಿಆರ್‌ಎಂ ತಂತ್ರಜ್ಞಾನವನ್ನು ಆರಿಸಿಕೊಂಡಿದ್ದು, ಭಾರತದಲ್ಲಿ ಮಾರಾಟವಾಗುವ ಕೆಲವು ಕಾರುಗಳ ಹೆಡ್ ಯುನಿಟ್‌ಗಳಲ್ಲಿ ಅದರ ಗ್ರಾಹಕವಿದೆ. ಜಪಾನಿನ ದೇಶೀಯ ಮಾರುಕಟ್ಟೆಗಾಗಿ ತಯಾರಾದ ಸ್ಟೀರಿಯೊಗಳ ಎಫ್‌ಎಂ ಪಟ್ಟಿ 76 ಮೆಗಾಹರ್ಟ್ಸ್‌ನಿಂದ ಆರಂಭವಾಗಿ ಮೊದಲೇ ಮುಗಿಯುವುದರಿಂದ, 108 ಮೆಗಾಹರ್ಟ್ಸ್‌ವರೆಗಿನ ಭಾರತದ ಕೇಂದ್ರಗಳಲ್ಲಿ ಹಲವು ಅವುಗಳಲ್ಲಿ ಸಿಗುವುದಿಲ್ಲ.

ಇಸ್ರೊ ರೂಪಿಸಿದ ‘ನಾವಿಕ್’ ಭಾರತದ ಸ್ವಂತ ಉಪಗ್ರಹ ನ್ಯಾವಿಗೇಶನ್ ವ್ಯವಸ್ಥೆ. ಅದರ ಮೊದಲ ಉಪಗ್ರಹ 2013ರ ಜುಲೈನಲ್ಲಿ ಉಡಾವಣೆಯಾಯಿತು. ಎಐಎಸ್ 140 ಮಾನದಂಡದಡಿ ಸಾರ್ವಜನಿಕ ಸೇವೆಯ ವಾಹನಗಳಿಗೆ ಸ್ಥಾನ ತಿಳಿಸುವ ಸಾಧನ ಮತ್ತು ತುರ್ತು ಗುಂಡಿಗಳನ್ನು ವಿಧಿಸಲಾಗಿದೆ.

ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಂದ ತಿದ್ದುಪಡಿಯಂತೆ ಚಾಲನೆಯ ವೇಳೆ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನ ಬಳಸುವುದು ಅಪಾಯಕಾರಿ ಚಾಲನೆಯ ವ್ಯಾಪ್ತಿಗೆ ಬರುತ್ತದೆ. ಮೊದಲ ಅಪರಾಧಕ್ಕೆ 6 ತಿಂಗಳಿಂದ 1 ವರ್ಷದವರೆಗೆ ಸೆರೆವಾಸ ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮ, ಚಾಲಕನ ಏಕಾಗ್ರತೆ ಕೆಡದಂತೆ ದಾರಿ ತಿಳಿಯಲು ಮಾತ್ರ ಸಾಧನದ ಬಳಕೆಗೆ ಅವಕಾಶ ನೀಡುತ್ತದೆ.

ಹಳೆಯ ಕಾರುಗಳಿಗೆ ಹೊಸ ಹೆಡ್ ಯುನಿಟ್ ಹಾಕಿಸುವುದು ಭಾರತದಲ್ಲಿ ಸಾಮಾನ್ಯ. ವಾಹನ ಬಿಡಿಭಾಗಗಳ ಮಾರಾಟಕ್ಕೆ ಹೆಸರಾದ ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಕಡೆ ಈ ಕೆಲಸ ನಡೆಯುತ್ತದೆ. ಕಾರಿನ ಮೂಲ ತಂತಿಯನ್ನು ಕತ್ತರಿಸದೆ, ಆ ಕಾರಿಗೆ ಹೊಂದುವ ಕಪ್ಲರ್ ಬಳಸಿದರೆ ಮುಂದೆ ಮೂಲ ಸ್ಥಿತಿಗೆ ಮರಳಿಸುವುದು ಸುಲಭ. ಮೂಲ ತಂತಿ ಕತ್ತರಿಸಿದ್ದಾಗ ತಯಾರಕರು ವಿದ್ಯುತ್ ಭಾಗಗಳ ವಾರಂಟಿಯನ್ನು ನಿರಾಕರಿಸುವ ಸಾಧ್ಯತೆಯಿದೆ.

### ಕನ್ನಡದ ಬಳಕೆ

ಗೂಗಲ್ ಮ್ಯಾಪ್ಸ್ 2018ರಲ್ಲಿ ಕನ್ನಡದ ಧ್ವನಿ ಸೂಚನೆಯನ್ನು ಸೇರಿಸಿತು. ಫೋನ್ ಪ್ರಕ್ಷೇಪಣೆಯಲ್ಲಿ ಅಕ್ಷರಗಳನ್ನು ರೂಪಿಸುವುದು ಫೋನೇ ಆದ್ದರಿಂದ ಕನ್ನಡ ಸರಿಯಾಗಿ ಮೂಡುತ್ತದೆ. ಬ್ಲೂಟೂತ್ ಮೂಲಕ ಹೆಸರುಗಳ ಪಟ್ಟಿಯನ್ನು ಪಡೆದಾಗ ಅಕ್ಷರ ರೂಪಿಸುವ ಹೊಣೆ ಹೆಡ್ ಯುನಿಟ್ಟಿನದು. ಅದರಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತವೆ. ಫಾಂಟ್ ಇದ್ದರೂ ಒತ್ತಕ್ಷರ ಮತ್ತು ಗುಣಿತಾಕ್ಷರಗಳನ್ನು ಜೋಡಿಸುವ ತಂತ್ರಾಂಶವಿಲ್ಲದಿದ್ದರೆ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಇದರಿಂದಾಗಿ ಕನ್ನಡದಲ್ಲಿ ಹೆಸರುಗಳನ್ನು ಉಳಿಸಿಕೊಂಡಿರುವ ಚಾಲಕನಿಗೆ ಕರೆ ಯಾರದೆಂದು ತಿಳಿಯಲು ಮತ್ತೆ ಫೋನನ್ನೇ ನೋಡಬೇಕಾದ ಪರಿಸ್ಥಿತಿ ಉಂಟಾಗುತ್ತದೆ. ಫೋನನ್ನು ಕೈಗೆತ್ತಿಕೊಳ್ಳುವುದನ್ನು ತಪ್ಪಿಸುವುದೇ ಏಕೀಕರಣದ ಉದ್ದೇಶವಾಗಿರುವುದರಿಂದ, ಸ್ಥಳೀಯ ಲಿಪಿಯ ಬೆಂಬಲವೂ ಸುರಕ್ಷತೆಯ ಭಾಗವೇ ಆಗಿದೆ.

## ಇವನ್ನೂ ನೋಡಿ

* ರೇಡಿಯೊ
* ಬ್ಲೂಟೂತ್
* ಜಿಪಿಎಸ್
* ನಾವಿಕ್
* ಆಕಾಶವಾಣಿ
* ರಸ್ತೆ ಸುರಕ್ಷತೆ